ಶುಗರ್ ಇದ್ದವರ ಕಣ್ಣು: ಹನಿ ಹಾಕಿಯೇ ನೋಡಬೇಕು

ಗಂಗಾವತಿ, ಕಾರಟಗಿ ಕಡೆಯ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣು ತಪಾಸಣೆ ಮಾಡುವಾಗ ದಿನಾ ಕೇಳುವ ಮಾತು: "ನನಗ ಚಲೋ ಕಾಣ್ತದ್ರಿ, ಹನಿ ಯಾಕ ಬೇಕು?" ಹನಿ ಹಾಕಿದರೆ ಪಾಪೆ ಅರಳುತ್ತದೆ, ಆಗಲೇ ಕಣ್ಣಿನ ಹಿಂಭಾಗದ ಪರದೆ, ಅಂದರೆ ರೆಟಿನಾ, ಸರಿಯಾಗಿ ಕಾಣುತ್ತದೆ. ಬೋರ್ಡಿನ ಕೊನೆಯ ಸಾಲು ಸಲೀಸಾಗಿ ಓದುವವರ ರೆಟಿನಾದಲ್ಲೂ ರಕ್ತ ಸೋರಿರಬಹುದು. ಸೋರಿಕೆ ನಡುಭಾಗದ ಮ್ಯಾಕುಲಾ ಮುಟ್ಟುವ ತನಕ ನೋಟ ಕೆಡದೇ ಇರಬಹುದು. ನೋವಂತೂ ಇರುವುದಿಲ್ಲ.

ಮೊದಲು 6 ಮೀಟರ್ ದೂರದ ಬೋರ್ಡು, ಒಂದೊಂದೇ ಕಣ್ಣು. ಅಂಗೈ ಬಟ್ಟಲು ಮಾಡಿ ಮುಚ್ಚಿಸುತ್ತೇವೆ. ಬೆರಳಿನಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತಾರೆ, ಒತ್ತಿ ಹಿಡಿದರೆ ಆ ಕಣ್ಣು ಮಂಜಾಗುತ್ತದೆ. ಬಿಪಿ ನೋಡಿ, ಪಕ್ಕದಿಂದ ಟಾರ್ಚ್ ಬಿಟ್ಟು ಪಾಪೆಯ ಮುಂದಿನ ಜಾಗ ಇಕ್ಕಟ್ಟಾಗಿದೆಯೇ ಪರೀಕ್ಷಿಸಿದ ಮೇಲೆಯೇ ಹನಿ. ಇಕ್ಕಟ್ಟಿದ್ದರೆ ಹನಿಯಿಂದ ಕಣ್ಣಿನೊಳಗಿನ ಒತ್ತಡ ಏಕಾಏಕಿ ಏರಬಹುದು, ಅದಕ್ಕೇ ಹಾಕುವುದಿಲ್ಲ, ವೈದ್ಯರ ಹತ್ತಿರ ಕಳಿಸುತ್ತೇವೆ. ಬಿಪಿ ತೀರಾ ಏರಿದ್ದರೆ ಬಿಪಿ ಇನ್ನೂ ಏರಿಸಬಲ್ಲ ಫಿನೈಲೆಫ್ರಿನ್ ಔಷಧಿ ಬೆರೆತ ಹನಿ ಬಿಟ್ಟು, ಪಾಪೆ ಅರಳಿಸುವ ಇನ್ನೊಂದು ಔಷಧಿ ಟ್ರೋಪಿಕಮೈಡ್ ಮಾತ್ರ.

ಕೆಳರೆಪ್ಪೆ ಎಳೆದು ಒಂದೇ ಹನಿ, ಕಣ್ಣು ಮುಚ್ಚಿಸಿ ಮೂಗಿನ ಕಡೆಯ ಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಬೇಕು. ಹತ್ತು ನಿಮಿಷಕ್ಕೆ ಇನ್ನೊಂದು ಹನಿ. ಶುಗರ್ ಹಳತಾದವರ ಪಾಪೆ ಬೇಗ ಅರಳುವುದಿಲ್ಲ, ಅರ್ಧ ಗಂಟೆಗಿಂತ ಹೆಚ್ಚು ಕಾಯಿಸಬೇಕಾಗುತ್ತದೆ. ತಪ್ಪಾಗುವುದು ಇಲ್ಲಿಯೇ. ಪಾಳಿ ಉದ್ದವಿದೆ ಎಂದು ಅರೆಬರೆ ಅರಳಿದ ಪಾಪೆಯಲ್ಲಿ ಫೋಟೋ ತೆಗೆದರೆ ಅಂಚೆಲ್ಲ ಕಪ್ಪಾಗಿ ಬರುತ್ತದೆ. ಪೊರೆ ಬಂದ ಕಣ್ಣಾದರೆ ಇಡೀ ಚಿತ್ರ ಬೂದಿ ಬಣ್ಣ. ಅದನ್ನು "ತೊಂದರೆ ಇಲ್ಲ" ಎಂದು ಬರೆಯಲೇಬಾರದು. "ಕಾಣಲಿಲ್ಲ" ಎಂದು ಬರೆದು ರೆಟಿನಾ ವೈದ್ಯರಿಗೆ ಕಳಿಸಬೇಕು.

ಪ್ರತಿ ಕಣ್ಣಿಗೆ ಎರಡು ಫೋಟೋ: ಒಂದು ಮ್ಯಾಕುಲಾ ನಡುವೆ ಬರುವಂತೆ, ಇನ್ನೊಂದು ಕಣ್ಣಿನ ನರದ ಬುಡ ನಡುವೆ ಬರುವಂತೆ. ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಮೊದಲ ಗುರುತು. ಅಂಚು ಸ್ಪಷ್ಟವಿರುವ ಹಳದಿ ಚುಕ್ಕೆಗಳು ಮ್ಯಾಕುಲಾದ ಹತ್ತಿರ ಕಂಡರೆ ತಡ ಮಾಡುವಂತಿಲ್ಲ. ಸೋರಿಕೆ ತಡೆಯಲು ಲೇಸರ್ ಚಿಕಿತ್ಸೆ ಮಾಡಿಸಿದರೂ ಹೋದ ನೋಟ ಸಾಮಾನ್ಯವಾಗಿ ಮರಳುವುದಿಲ್ಲ, ಉಳಿದದ್ದು ಉಳಿಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ "ಏನೂ ಉಪಯೋಗ ಆಗಲಿಲ್ಲ" ಎಂದು ಮುಂದಿನ ಸಲ ಬರುವುದೇ ಇಲ್ಲ.

ಹನಿ ಹಾಕಿದ ಮೇಲೆ ನಾಲ್ಕೈದು ತಾಸು ಗಾಡಿ ಓಡಿಸಬಾರದು. ನಮ್ಮ ಬಿಸಿಲಿಗೆ ತಲೆಗೆ ಟವೆಲ್ಲು, ಕಪ್ಪು ಕನ್ನಡಕ ಬೇಕೇ ಬೇಕು, ಜೊತೆಗೊಬ್ಬರು ಬಂದರೆ ಒಳ್ಳೆಯದು. ಅದೇ ದಿನ ಕಣ್ಣು ಕೆಂಪಾಗಿ, ನೋವು, ವಾಂತಿ ಶುರುವಾದರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಶುಗರ್ 300 ದಾಟಿದಾಗ ಕನ್ನಡಕದ ನಂಬರ್ ತೆಗೆಸಬೇಡಿ. ಕಣ್ಣಿನ ಮಸೂರ ಉಬ್ಬಿರುತ್ತದೆ, ಶುಗರ್ ಇಳಿದ ಮೇಲೆ ಆ ಕನ್ನಡಕ ನಡೆಯುವುದಿಲ್ಲ. ಕೆಲವು ವಾರ ಹದಕ್ಕೆ ಬಂದ ನಂತರ ತೆಗೆಸಿ.

ಟೈಪ್ 2 ಇದ್ದವರಿಗೆ ಕಾಯಿಲೆ ಗೊತ್ತಾದಾಗಲೇ ಮೊದಲ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಮೊದಲೇ ಶುಗರ್ ಇದ್ದ ಹೆಣ್ಣುಮಗಳು ಗರ್ಭಿಣಿಯಾದರೆ ಮೊದಲ ಮೂರು ತಿಂಗಳೊಳಗೆ. ಮುಂದಿನ ತಾರೀಖನ್ನು ಶುಗರ್ ಬುಕ್ಕಿನ ಮುಖಪುಟದ ಮೇಲೆಯೇ ಬರೆಯುತ್ತೇವೆ, ಅದೂ ನಾಟಿ, ಕೊಯ್ಲಿನ ದಿನಗಳನ್ನು ಬಿಟ್ಟು.