ಸೊಟ್ಟ ಗೋಡೆಯನ್ನು ನೆಟ್ಟಗೆ ಮಾಡುವ ಮೊದಲು

ಟರ್ಕಿಯ ಸಫ್ರಾನ್‌ಬೊಲು ಊರಿನಲ್ಲಿ ಆಟೊಮನ್ ಕಾಲದ ಮರದ ಮನೆಗಳು ಇನ್ನೂ ನೂರಾರಿವೆ. 1994ರಲ್ಲಿ ಅದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನ ಒಂದು ಹಳೆಯ ಮನೆಯ ದುರಸ್ತಿ ತಂಡದಲ್ಲಿ ನಾನಿದ್ದೆ. ನಾವು ಸುತ್ತಿಗೆ ಹಿಡಿದದ್ದಕ್ಕಿಂತ ಅಳತೆ ಟೇಪು ಹಿಡಿದು ಓಡಾಡಿದ್ದೇ ಜಾಸ್ತಿ. ಮನೆಯ ಮಾಲೀಕರಿಗೆ ಇದು ಸುಮ್ನೆ ಕಾಲಹರಣ ಅನ್ನಿಸಿತ್ತು. ಆದರೆ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಅಂತ ನಮಗೆ ತಿಳಿದದ್ದು ಆ ಅಳತೆಯಿಂದಲೇ.

ನೆಲಮಹಡಿಯ ಕಲ್ಲಿನ ಗೋಡೆ ಬೀದಿ ತಿರುಗಿದ ಕಡೆಗೆಲ್ಲ ತಿರುಗುತ್ತದೆ. ಒಂದು ಮೂಲೆಯೂ ನೇರವಿಲ್ಲ. ನೆಲಮಹಡಿಯ ನಕ್ಷೆ ಮಾತ್ರ ನೋಡಿದರೆ, ಕಟ್ಟಿದವನಿಗೆ ಮೂಲೆಮಟ್ಟ ಗೊತ್ತಿರಲಿಲ್ಲವೇನೋ ಅನ್ನಿಸುತ್ತದೆ. ಮೇಲಿನ ಮಹಡಿ ಅಳೆದರೆ ಕೋಣೆಗಳು ಮಟ್ಟಸವಾಗಿವೆ. ಗುಟ್ಟು ಇಷ್ಟೇ: ಮೇಲಿನ ಕೋಣೆಯನ್ನು ಬೀದಿಯ ಮೇಲೆ ಬೇಕಾದಷ್ಟು ಮುಂದಕ್ಕೆ ಚಾಚಿ, ಕೆಳಗಿನ ಸೊಟ್ಟನ್ನು ಅಲ್ಲಿ ಸರಿ ಮಾಡಿಕೊಂಡಿದ್ದಾರೆ. ಈ ಚಾಚಿಗೆ ಅಲ್ಲಿನವರು ಚಿಕ್ಮಾ ಅನ್ನುತ್ತಾರೆ. ಬೀದಿಯ ಎರಡೂ ತುದಿ ಕಾಣುವ ಕಿಟಕಿ ಸಿಗುವುದು ಇನ್ನೊಂದು ಲಾಭ. ನೆಲದ ತೊಲೆಗಳೇ ಗೋಡೆ ದಾಟಿ ಹೊರಬಂದು ಆ ಕೋಣೆಯನ್ನು ಹೊರುತ್ತವೆ. ಕೆಳಗಿನಿಂದ ಓರೆ ಊರುಗೋಲುಗಳಿವೆ.

ಇದನ್ನು ನೋಡಿ ಭಯಪಟ್ಟ ಒಬ್ಬರು ಬೀದಿಯಲ್ಲಿ ಉಕ್ಕಿನ ಕಂಬ ನಿಲ್ಲಿಸೋಣ ಎಂದರು. ಮನೆಯನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಅಡ್ಡಸೀಳಿನ ನಕ್ಷೆ ಬರೆದ ಮೇಲೆ ಆ ಮಾತು ಬಿದ್ದುಹೋಯಿತು. ತೊಲೆಯ ಒಳಭಾಗದ ಮೇಲೆ ಕೋಣೆಯ ಭಾರ ಕೂತಿದೆ, ಹೊರತುದಿಯನ್ನು ಅದೇ ಎತ್ತಿ ಹಿಡಿದಿದೆ. ಕೊಳೆತಿದ್ದ ತುದಿಗಳನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಮರ ಬೆಸೆದೆವು.

ಕೋಣೆಗಳೆಲ್ಲ ಬಾಗಿಲು ತೆರೆಯುವ ನಡುಮನೆಗೆ ಅಲ್ಲಿ ಸೋಫಾ ಎಂದೇ ಹೆಸರು. ಅದು ಮನೆಯ ಹೊರ ಅಂಚಿನಲ್ಲಿದೆಯೋ, ಎರಡು ಸಾಲು ಕೋಣೆಗಳ ನಡುವಿದೆಯೋ, ಸರಿಯಾಗಿ ಮಧ್ಯದಲ್ಲಿದೆಯೋ ಎಂದು ನೋಡಿ ಸೆದಾದ್ ಹಕ್ಕಿ ಎಲ್ದೆಮ್ ಎಂಬ ಆರ್ಕಿಟೆಕ್ಟ್ 1954ರಲ್ಲಿ ಮನೆಗಳನ್ನು ವಿಂಗಡಿಸಿದ್ದರು. ನಮ್ಮ ಮನೆಯ ನಡುಮನೆಯಲ್ಲಿ ಎರಡು ಅಡ್ಡಗೋಡೆಗಳಿದ್ದವು. ಎಲ್ದೆಮ್ ವಿಂಗಡಣೆಯ ಯಾವ ಮಾದರಿಗೂ ಅವು ಹೊಂದುತ್ತಿರಲಿಲ್ಲ. ಹಾಗಂತ ಒಡೆದು ಹಾಕಬಹುದೇ? ಮೇಲೆ ನೋಡಿದೆವು: ಚಾವಣಿಯ ಹಲಗೆ ಒಂದು ಗೋಡೆಯ ಮೇಲಿಂದ ನಿಲ್ಲದೆ ಹಾದುಹೋಗಿತ್ತು. ಮೊಳೆ ಕಿತ್ತು ನೋಡಿದರೆ ಕುಲುಮೆಯ ಮೊಳೆ ಅಲ್ಲ, ಕಾರ್ಖಾನೆಯ ತಂತಿ ಮೊಳೆ. ಅಂದರೆ ಆ ಗೋಡೆ ಬಾಡಿಗೆಗೆ ಕೊಡಲು ಆಮೇಲೆ ಎಬ್ಬಿಸಿದ್ದು. ಅದರ ಭಾರಕ್ಕೆ ಕೆಳಗಿನ ತೊಲೆ ಬಾಗಿತ್ತು, ತೆಗೆದೆವು. ಇನ್ನೊಂದೂ ಆಮೇಲಿನದೇ, ಆದರೆ ಒಳ್ಳೆಯ ಮರಗೆಲಸ, ಯಾರಿಗೂ ತೊಂದರೆಯಿಲ್ಲ. ಉಳಿಸಿಕೊಂಡೆವು. ಎಲ್ಲ ಕಾಲದ ಒಳ್ಳೆಯ ಸೇರ್ಪಡೆಗಳನ್ನೂ ಗೌರವಿಸಬೇಕು ಅಂತ ಹಳೆಯ ಕಟ್ಟಡಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದವಾದ 1964ರ ವೆನಿಸ್ ಸನ್ನದೇ ಹೇಳುತ್ತದೆ. ಮನೆಯನ್ನು ಹೇಗಾದರೂ ಪುಸ್ತಕದ ಮಾದರಿಗೆ ತರಬೇಕೆಂಬ ಹಟ ನನಗೆ ಹಿಡಿಸುವುದಿಲ್ಲ.

ಮೇಲಿನ ಗೋಡೆಗಳು ಹಿಮಿಶ್ ಪದ್ಧತಿಯವು. ಮರದ ಚೌಕಟ್ಟು, ಓರೆ ಪಟ್ಟಿಗಳು, ಸಂದುಗಳಲ್ಲಿ ಹಸಿ ಇಟ್ಟಿಗೆ. ಮೇಲೆ ಹುಲ್ಲು ಬೆರೆಸಿದ ಮಣ್ಣು, ಅದರ ಮೇಲೆ ನಾರು ಸೇರಿಸಿದ ಸುಣ್ಣದ ಗಾರೆ. ಮಣ್ಣು ಬಿರುಕು ಬಿಟ್ಟಿದ್ದು ಕಂಡು ಸಿಮೆಂಟ್ ಬಳಿಯುವ ಸಲಹೆ ಬಂತು, ಎಲ್ಲ ಊರಲ್ಲೂ ಬರುವ ಸಲಹೆಯೇ. ಸಿಮೆಂಟ್ ಗಟ್ಟಿ, ಮರ ಅಲುಗುತ್ತದೆ. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ತಳದ ಅಡ್ಡತೊಲೆ ಕೊಳೆಯುತ್ತದೆ. ಆ ಬಿರುಕುಗಳಲ್ಲೂ ಅರ್ಥವಿದೆ. ಭೂಕಂಪದಲ್ಲಿ ಚೌಕಟ್ಟು ಆಡುತ್ತದೆ, ಪ್ರತಿ ಸಂದಿನ ಇಟ್ಟಿಗೆ ಉಜ್ಜಿಕೊಂಡು ಹೊಡೆತದ ಬಲವನ್ನು ತಿಂದುಹಾಕುತ್ತದೆ, ಬಿರುಕು ಒಂದು ಸಂದಿನಲ್ಲೇ ನಿಲ್ಲುತ್ತದೆ. 1999ರ ಆಗಸ್ಟ್ 17ರ ಮರ್ಮರಾ ಭೂಕಂಪದಲ್ಲಿ ಇಂಥ ಎಷ್ಟೋ ಹಳೆ ಮನೆಗಳು ನಿಂತವು, ಪಕ್ಕದ ಕಾಂಕ್ರೀಟ್ ಮನೆಗಳು ಕುಸಿದವು. ಆದರೆ ಕೊಳೆತ ಮರದ ಮನೆ ನಿಲ್ಲುವುದಿಲ್ಲ, ಅದನ್ನೂ ಹೇಳಲೇಬೇಕು.

ಕೆಳಗಿನ ಕಲ್ಲಿನ ಗೋಡೆಗೆ ಬಳಸಿದ್ದು ಹೊರಾಸಾನ್ ಗಾರೆ, ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ. ನಮ್ಮ ಸುರ್ಕಿ ಗಾರೆಯ ಬಂಧುವೇ ಅಲ್ವಾ! ಈ ಕೆಲಸ ಮಾತ್ರ ನನ್ನ ಕೈಗೆ ಬೇಗ ಒಗ್ಗಿತು.

ದೊಡ್ಡ ಜಗಳ ನಡೆದದ್ದು ಬಚ್ಚಲಿಗೆ. ಹಳೆಯ ಕೋಣೆಯೊಂದೊಂದೂ ತಾನೇ ಒಂದು ಮನೆ. ಕಿಟಕಿಯ ಉದ್ದಕ್ಕೂ ಕೂರುವ ಜಗಲಿ, ಒಲೆ, ಹಾಸಿಗೆ ಮಡಿಸಿಡುವ ಗೋಡೆ ಬೀರು. ಆ ಬೀರುವಿನೊಳಗೇ ಮೈತೊಳೆಯುವ ಪುಟ್ಟ ಗೂಡು. ಹಿಂದೆ ಅಲ್ಲಿ ಚೊಂಬಿನಲ್ಲಿ ನೀರು ಸುರಿದುಕೊಳ್ಳುತ್ತಿದ್ದರು. ಮನೆಯನ್ನು ಅತಿಥಿಗೃಹ ಮಾಡಬೇಕಿದ್ದ ಮಾಲೀಕರು ಪ್ರತಿ ಬೀರುವಿನಲ್ಲೂ ಶವರ್ ಕೇಳಿದರು. ದಿನವಿಡೀ ಬಿಸಿನೀರಿನ ಹಬೆ ಮರದ ನೆಲಕ್ಕೆ, ಹಸಿ ಇಟ್ಟಿಗೆಗೆ. ನಾನು ಬೇಡವೇ ಬೇಡ ಅಂದೆ. ಅವರೂ ಬಿಡಲಿಲ್ಲ, ಅತಿಥಿ ಬಂದು ಬಚ್ಚಲೆಲ್ಲಿ ಎಂದರೆ ಏನು ಹೇಳಲಿ ಅಂದರು. ಅದೂ ನಿಜ. ಕೊನೆಗೆ ಕಲ್ಲಿನ ನೆಲಮಹಡಿಯಲ್ಲಿ ಬಚ್ಚಲುಗಳಾದವು. ಮೇಲೆ ಒಂದೇ ಮೂಲೆಯಲ್ಲಿ, ಗೋಡೆಗೆ ತಾಗದ ಪೆಟ್ಟಿಗೆಯಂತೆ ಒಂದನ್ನು ಕೂರಿಸಿದೆವು. ಪೈಪುಗಳು ಹೊರಗೇ ಕಾಣುತ್ತವೆ, ಸೋರಿದರೆ ಅದೇ ದಿನ ಗೊತ್ತಾಗಲಿ ಅಂತ. ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ಮಾಲೀಕರು ಈಗಲೂ ಗೊಣಗುತ್ತಾರೆ.