ಬೆಳಗ್ಗೆ ದೋಸೆ, ಸಂಜೆ ಮಂಡಕ್ಕಿ: ದಾವಣಗೆರೆ ನನಗೆ ಪರಿಚಯವಾದ ಬಗೆ

ಮಗಳಿಗೆ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಾಗ ನನಗೆ ಆ ಊರಿನ ಬಗ್ಗೆ ಗೊತ್ತಿದ್ದದ್ದು ಬೆಣ್ಣೆ ದೋಸೆ ಒಂದೇ. ನಮ್ಮದು ಶ್ರೀರಂಗಪಟ್ಟಣ. ಹುಬ್ಬಳ್ಳಿ ಕಡೆ ಹೋಗುವಾಗ ರೈಲಿನ ಕಿಟಕಿಯಿಂದ ಸ್ಟೇಷನ್ ಬೋರ್ಡ್ ನೋಡಿದ್ದೆ, ಇಳಿದಿರಲಿಲ್ಲ. ಆಮೇಲೆ ನಾಲ್ಕು ವರ್ಷದಲ್ಲಿ ಹತ್ತು ಹನ್ನೆರಡು ಸಲ ಹೋಗಿ ಬಂದೆ. ಹಾಸ್ಟೆಲ್‌ಗೆ ಬಿಡೋಕೆ, ಕರೆದುಕೊಂಡು ಬರೋಕೆ, ಜ್ವರ ಬಂದಾಗ ನೋಡಿಕೊಳ್ಳೋಕೆ, ಕೊನೆಕೊನೆಗೆ ಸುಮ್ನೆ. ಹೊಸದಾಗಿ ಆ ಕಡೆ ಹೋಗುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಸಲ ಊರು ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಇಬ್ಬರಿಗೂ ಹಸಿವು. ಲಾಡ್ಜ್ ಪಕ್ಕದಲ್ಲೇ ಇದ್ದ ಹೋಟೆಲಿಗೆ ನುಗ್ಗಿ ಬೆಣ್ಣೆ ದೋಸೆ ಅಂದೆ. ಬಂತು. ಹುಳಿ ಬಂದ ಹಿಟ್ಟು, ಮೇಲೆ ತಣ್ಣಗಾದ ಎಣ್ಣೆ. ಮಗಳು ಅರ್ಧಕ್ಕೇ ತಟ್ಟೆ ಸರಿಸಿದಳು. ಇದಕ್ಕಾ ಇಷ್ಟು ಹೆಸರು ಅಂತ ಬೇಜಾರಾಯಿತು. ಸಂಜೆ ಹಾಸ್ಟೆಲ್‌ಗೆ ಹೋಗುವಾಗ ಆಟೋದವರ ಹತ್ತಿರ ಹೇಳಿಕೊಂಡೆ. ಅವರು ಹಿಂದೆ ತಿರುಗಿ, "ಮೂರು ಗಂಟೆಗೆ ಯಾರು ತಿಂತಾರ್ರೀ ಅಕ್ಕಾ ದೋಸೆ? ಆಗ ಒಲೆನೇ ಆರಿರುತ್ತೆ. ನಾಳೆ ಬೆಳಗ್ಗೆ ಏಳಕ್ಕೆ ರೆಡಿ ಇರ್ರಿ, ಹೋಗೋಣ" ಅಂದರು.

ಅವತ್ತಿನಿಂದ ಯಾವ ಹೊಸ ಊರಿಗೆ ಹೋದರೂ ಒಳ್ಳೆ ಹೋಟೆಲ್ ಯಾವುದು ಅಂತ ನಾನು ಮೊದಲು ಕೇಳುವುದಿಲ್ಲ. ಈ ಊರಲ್ಲಿ ಯಾವ ಹೊತ್ತಿಗೆ ಏನು ತಿಂತೀರಿ ಅಂತ ಕೇಳುತ್ತೇನೆ. ಹೋಟೆಲ್ ಹೆಸರು ಕೇಳಿದರೆ ದೊಡ್ಡ ಬೋರ್ಡ್ ಇರುವ ಕಡೆ ಕಳಿಸುತ್ತಾರೆ. ಹೊತ್ತು ಕೇಳಿದರೆ ತಾವು ತಿನ್ನುವ ಜಾಗವನ್ನೇ ಹೇಳುತ್ತಾರೆ.

ಮಾರನೇ ದಿನ ಆಟೋದವರು ಕರೆದುಕೊಂಡು ಹೋದದ್ದು ಹಳೇ ಊರಿನ ಒಂದು ಸಣ್ಣ ಹೋಟೆಲಿಗೆ. ನಾಲ್ಕೈದು ಮೇಜು, ಹೊಗೆ ಹಿಡಿದ ಗೋಡೆ. ಕಟ್ಟಿಗೆ ಒಲೆ, ಅದರ ಮೇಲೆ ಅಗಲವಾದ ಕಬ್ಬಿಣದ ಹಂಚು. ದೋಸೆ ಹಾಕುವವರು ಮೊದಲು ನೀರು ಚಿಮುಕಿಸಿ ಪೊರಕೆಯಿಂದ ಹಂಚನ್ನು ಗುಡಿಸಿದರು. ಹಿಟ್ಟು ಹುಯ್ದು ಸುತ್ತಿದರು. ಆಮೇಲೆ ಬೆಣ್ಣೆ. ಸವರುವುದಲ್ಲ, ಕೈಯಿಂದ ತೆಗೆದು ಹಾಕುವುದು. ಬಿಳಿ ಬೆಣ್ಣೆ ಹಂಚಿನ ಮೇಲೆ ಜಾರಿ, ಕರಗಿ, ದೋಸೆಯ ಅಂಚಿನಲ್ಲಿ ನೊರೆ ಕಟ್ಟಿತು. ತೂತುತೂತಾದ ಮೈಯೊಳಗೆ ಅದು ಇಳಿಯುವುದನ್ನು ನಾನು ನಿಂತೇ ನೋಡಿದೆ. ತಟ್ಟೆಗೆ ಬಂದಾಗ ಅಂಚು ಗರಿಗರಿ, ನಡು ಮೆತ್ತಗೆ.

ಜೊತೆಗೆ ಕೊಡುವುದು ಎರಡೇ. ತೆಳ್ಳಗಿನ ಕಾಯಿ ಚಟ್ನಿ, ಅರಿಶಿನ ಹಾಕದ ಬೆಳ್ಳನೆ ಆಲೂಗಡ್ಡೆ ಪಲ್ಯ. ಪಲ್ಯ ಬಾಯಿಗಿಟ್ಟಾಗ ಸಪ್ಪೆ ಅನಿಸಿತು. ಚಟ್ನಿಯ ಖಾರ, ಬೆಣ್ಣೆಯ ಉಪ್ಪುಹುಳಿ ಜೊತೆ ಸೇರಿದಾಗ ಅದು ಯಾಕೆ ಸಪ್ಪೆ ಇರಬೇಕು ಅಂತ ಗೊತ್ತಾಯಿತು. ನಾನು ಅಭ್ಯಾಸಬಲದಿಂದ ಸಾಂಬಾರ್ ಕೇಳಿದೆ. ಹುಡುಗ ತುಂಬಾ ಮರ್ಯಾದೆಯಿಂದ, "ಸಾಂಬಾರ್ ಇರಲ್ರೀ ಅಮ್ಮಾ, ಇನ್ನಷ್ಟು ಚಟ್ನಿ ಹಾಕ್ಲಾ?" ಅಂದ. ಹಾಕಿಸಿಕೊಳ್ಳಿ.

ಬೆಣ್ಣೆ ದೋಸೆ ಅಲ್ಲದೆ ಖಾಲಿ ದೋಸೆ, ಓಪನ್ ದೋಸೆ ಅಂತಲೂ ಇವೆ. ಓಪನ್ ಅಂದರೆ ಮಡಿಸುವುದಿಲ್ಲ, ಚಟ್ನಿಪುಡಿ, ಪಲ್ಯ ಮೇಲೆಯೇ ಹರಡಿರುತ್ತದೆ. ನನಗೆ ಖಾಲಿ ದೋಸೆಯೇ ಜಾಸ್ತಿ ಇಷ್ಟ. ಒಂದೇ ಸಲ ನಾಲ್ಕು ಹೇಳಬೇಡಿ. ಒಂದೊಂದೇ ಹೇಳಿ, ಹಂಚಿನಿಂದ ಇಳಿದ ತಕ್ಷಣ ತಿನ್ನಿ. ಆರಿದ ಬೆಣ್ಣೆ ದೋಸೆಯಲ್ಲಿ ಏನೂ ಉಳಿದಿರುವುದಿಲ್ಲ. ಭಾನುವಾರ ಬೆಳಗ್ಗೆ ಜನ ಹೆಚ್ಚು, ಗೊತ್ತಿಲ್ಲದವರ ಮೇಜಿನಲ್ಲೇ ಕೂರಬೇಕಾಗುತ್ತದೆ. ಅವರೇ ಸರಿದು, "ಕುಂದ್ರಿ ಅಕ್ಕಾ" ಅಂತ ಜಾಗ ಮಾಡಿಕೊಡುತ್ತಾರೆ.

ಈ ದೋಸೆ ಶುರುವಾದದ್ದು ಸುಮಾರು 1928ರಲ್ಲಿ ಅಂತ ಊರಿನವರು ಹೇಳುತ್ತಾರೆ. ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ಹೊಟ್ಟೆಪಾಡಿಗೆ ದೋಸೆ ಹಾಕತೊಡಗಿದರಂತೆ. ಆಗ ಅದು ರಾಗಿ ಹಿಟ್ಟಿನ ದೋಸೆ. ಅಕ್ಕಿ, ಬೆಣ್ಣೆ ಬಂದದ್ದು ಮಕ್ಕಳ ಕಾಲಕ್ಕೆ. ಆ ತಾಯಿಯ ಕಥೆ ಕೇಳಿದ ಮೇಲೆ ದೋಸೆ ತಿನ್ನುವಾಗೆಲ್ಲ ಅವರ ನೆನಪು ಬರುತ್ತದೆ.

ಹಿಟ್ಟಿನ ಗುಟ್ಟು ಏನು ಅಂತ ಒಂದು ಸಲ ಕೇಳಿದೆ. ಅಕ್ಕಿ, ಉದ್ದು, ಸ್ವಲ್ಪ ಮೆಂತ್ಯ, ಜೊತೆಗೆ ನೆನೆಸಿದ ಮಂಡಕ್ಕಿ. ಆ ಮೆತ್ತಗಿನ ಮೈ ಬರುವುದು ಮಂಡಕ್ಕಿಯಿಂದ. ಬೆಳಗ್ಗೆ ದೋಸೆಯಲ್ಲಿ ಅಡಗಿರುವ ಮಂಡಕ್ಕಿ ಸಂಜೆ ರಸ್ತೆಗೆ ಬಂದು ರಾಶಿ ಬೀಳುತ್ತದೆ. ಈ ಊರಿನ ಊಟತಿಂಡಿಯ ದಾರ ಹಿಡಿದು ಹೋದರೆ ಎಲ್ಲ ಕಡೆಯಿಂದಲೂ ಭತ್ತಕ್ಕೇ ಬರುತ್ತೀರಿ. ಭದ್ರಾ ಕಾಲುವೆ ನೀರಿನಲ್ಲಿ ಸುತ್ತಲೂ ಭತ್ತ ಬೆಳೆಯುತ್ತಾರೆ. ಕಾವೇರಿ ನಾಲೆ ಪಕ್ಕ ಹುಟ್ಟಿ ಬೆಳೆದ ನನಗೆ ಆ ಹಸಿರು ಗದ್ದೆ ನೋಡಿದಾಗ ಊರು ಅರ್ಧ ನಮ್ಮದೇ ಅನಿಸಿತು.

ಮಂಡಕ್ಕಿ ಭಟ್ಟಿ ಇರುವ ಬೀದಿಗೂ ಹೋಗಿ ನೋಡಿದ್ದೇನೆ. ಭತ್ತ ನೆನೆಸಿ, ಹುರಿದು, ಅಕ್ಕಿ ಮಾಡಿ, ಉಪ್ಪುನೀರು ಹಾಕಿ ಒಣಗಿಸಿ, ಕಾದ ಮರಳಿನಲ್ಲಿ ಮತ್ತೆ ಹುರಿಯುತ್ತಾರೆ. ಮರಳಿಗೆ ಬಿದ್ದ ಅಕ್ಕಿ ಒಂದೇ ಉಸಿರಿಗೆ ಅರಳುತ್ತದೆ. ಒಳಗೆ ಎಂಥ ಸೆಕೆ, ಎಂಥ ಹೊಗೆ! ಆ ಬೆಂಕಿ ಮುಂದೆ ಇಡೀ ದಿನ ನಿಲ್ಲುವವರನ್ನು ನೋಡಿದ ಮೇಲೆ ಮಂಡಕ್ಕಿಗೆ ಚೌಕಾಸಿ ಮಾಡುವುದನ್ನು ಬಿಟ್ಟೆ.

ಸಂಜೆ ಐದೂವರೆ ಆಯಿತು ಅಂದರೆ ಜನ ಮಂಡಕ್ಕಿ, ಮೆಣಸಿನಕಾಯಿಗೆ ಹೊರಡುತ್ತಾರೆ. ರಾಮ್ ಅಂಡ್ ಕೋ ಸರ್ಕಲ್ ಸುತ್ತ ಒಂದು ಸುತ್ತು ಹಾಕಿದರೆ ಸಾಕು, ವಾಸನೆಯೇ ದಾರಿ ತೋರಿಸುತ್ತದೆ. ಇಲ್ಲಿ ಮೆಣಸಿನಕಾಯಿ ಅಂದರೆ ಮೆಣಸಿನಕಾಯಿ ಬಜ್ಜಿ. ಒಗ್ಗರಣೆ ಮಂಡಕ್ಕಿ, ಖಾರ ಮಂಡಕ್ಕಿ, ನರ್ಗೀಸ್ ಮಂಡಕ್ಕಿ ಮೂರೂ ಬೇರೆ ಬೇರೆ. ನರ್ಗೀಸ್‌ಗೆ ಹುರಿಗಡಲೆ ಪುಡಿ, ಈರುಳ್ಳಿ, ಸೇವು ಬೀಳುತ್ತದೆ. ಮೊದಲ ಸಲ ಹೋದವರು ಅದನ್ನೇ ತಗೊಳ್ಳಿ. ಕಲಸಿ ಕೊಟ್ಟ ಎರಡು ನಿಮಿಷದೊಳಗೆ ತಿಂದರೆ ಮಂಡಕ್ಕಿ ಇನ್ನೂ ಗರಿಗರಿ ಇರುತ್ತದೆ. ಒಂದು ತುತ್ತು ಮಂಡಕ್ಕಿ, ಒಂದು ಕಡಿತ ಬಜ್ಜಿ, ಕಣ್ಣಲ್ಲಿ ನೀರು, ಮತ್ತೆ ಮಂಡಕ್ಕಿ. ನನ್ನ ಮಗಳು ಹಾಸ್ಟೆಲ್‌ನ ನಾಲ್ಕು ವರ್ಷ ಕಳೆದದ್ದೇ ಇದರ ಮೇಲೆ.

ಮಧ್ಯಾಹ್ನಕ್ಕೆ ಖಾನಾವಳಿ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿಪುಡಿ, ಮೊಸರು. ಉತ್ತರದ ರೊಟ್ಟಿಯೂ ದಕ್ಷಿಣದ ಮುದ್ದೆಯೂ ಸಂಧಿಸುವ ಊರು ಇದು. ಮುದ್ದೆ ಬೇಕು ಅನ್ನುವ ನಮ್ಮಂಥವರಿಗೂ ಹುಡುಕಿದರೆ ಸಿಗುತ್ತದೆ.

ಇನ್ನು ನೋಡುವುದು. ದಾವಣಗೆರೆ ಊರೊಳಗೆ ಸ್ಮಾರಕ ಹುಡುಕಿಕೊಂಡು ಹೋಗಬೇಡಿ. ಇದು ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡದ್ದು. ಗಿರಣಿಗಳ ಕಾಲ ಮುಗಿದು ಈಗ ಕಾಲೇಜುಗಳ ಕಾಲ. ಕೈಯಲ್ಲಿ ಹಿಡಿದು ಬೇಗ ತಿನ್ನುವ, ಕಡಿಮೆ ದುಡ್ಡಿನ ತಿಂಡಿ ಇಲ್ಲಿ ಇಷ್ಟು ಬೆಳೆದದ್ದು ಪಾಳಿ ಮುಗಿಸಿ ಬರುತ್ತಿದ್ದ ಕಾರ್ಮಿಕರಿಂದಲೇ ಇರಬೇಕು ಅಂತ ನನಗೆ ಅನಿಸುತ್ತದೆ. ಬೆಳಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಒಂದು ಸುತ್ತು ನಡೆಯಿರಿ. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಅದು. ದೋಸೆಗೆ ಮುಂಚೆ ಹೋದರೆ ಹಸಿವೂ ಚೆನ್ನಾಗಿ ಆಗುತ್ತದೆ. ಗಾಜಿನ ಮನೆ ಅಲ್ಲೇ ಹತ್ತಿರ, ಮಕ್ಕಳಿದ್ದರೆ ಹೋಗಿ. ಊರ ದೇವತೆ ದುಗ್ಗಮ್ಮನ ಗುಡಿಗೆ ಹೋಗದೆ ಬರಬೇಡಿ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಆಗ ಹೋಗುವುದಾದರೆ ಲಾಡ್ಜ್ ಮೊದಲೇ ಹಿಡಿಯಿರಿ.

ಹರಿಹರ ಅರ್ಧ ಗಂಟೆ ದಾರಿ. ಹರಿಹರೇಶ್ವರ ಗುಡಿ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ್ದು. ಅರ್ಧ ಶಿವ, ಅರ್ಧ ವಿಷ್ಣು, ಒಂದೇ ವಿಗ್ರಹ. ಮಂಟಪದ ಕಂಬಗಳು ಕಡೆದಿಟ್ಟ ಹಾಗೆ ನುಣುಪು. ಹಿಂದೆ ತುಂಗಭದ್ರೆ.

ಎರಡನೇ ವರ್ಷ ಅತ್ತೆಯೂ ಬಂದರು. ಅವರಿಗೆ ಮಂಡಿ ನೋವು, ಚಿತ್ರದುರ್ಗದ ಕೋಟೆ ಹತ್ತೋಕೆ ಆಗಲ್ಲ. ಅವರನ್ನು ಸಂತೇಬೆನ್ನೂರಿಗೆ ಕರೆದುಕೊಂಡು ಹೋದೆ. ಸುತ್ತಲೂ ಮೆಟ್ಟಿಲು, ನಡುವೆ ನೀರಿನಲ್ಲಿ ನಿಂತ ವಸಂತ ಮಂಟಪ. ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ. ಪಕ್ಕದಲ್ಲೇ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ. ಅತ್ತೆ ಮೇಲಿನ ಮೆಟ್ಟಿಲಲ್ಲೇ ಕೂತು, ಒಂದು ಗಂಟೆ ನೀರು ನೋಡಿದರು. "ಇಷ್ಟು ಚೆಂದದ್ದನ್ನ ಯಾಕಮ್ಮ ಯಾರೂ ಹೇಳಲಿಲ್ಲ?" ಅಂತ ನನ್ನನ್ನೇ ಕೇಳಿದರು. ವಯಸ್ಸಾದವರು ಜೊತೆಗಿದ್ದರೆ ಇಲ್ಲಿಗೆ ಹೋಗಿ.

ಚಿತ್ರದುರ್ಗಕ್ಕೆ ಮಾತ್ರ ಇಡೀ ಒಂದು ದಿನ ತೆಗೆದಿಡಿ. ದಾವಣಗೆರೆಯಿಂದ ಸುಮಾರು 60 ಕಿಲೋಮೀಟರ್, ಹೆದ್ದಾರಿಯಲ್ಲಿ ಬಸ್ಸು ಬೇಕಾದಷ್ಟು. ನಾವು ಮೊದಲ ಸಲ ತಡವಾಗಿ ಹೊರಟು, ಹನ್ನೆರಡು ಗಂಟೆಗೆ ಕೋಟೆ ಬಾಗಿಲಲ್ಲಿ ನಿಂತೆವು. ಬಂಡೆಗಳು ಕಾದು ಕೆಂಡ. ಕೈಯಲ್ಲಿ ಒಂದೇ ನೀರಿನ ಬಾಟ್ಲಿ. ಅರ್ಧ ದಾರಿಯಲ್ಲೇ ಮಗಳಿಗೆ ತಲೆ ಸುತ್ತಿತು, ವಾಪಸ್ ಬಂದುಬಿಟ್ಟೆವು. ಇಲ್ಲೂ ಹೊತ್ತಿನದೇ ಮಾತು. ಎರಡನೇ ಸಲ ಗೇಟು ತೆಗೆಯುವ ಹೊತ್ತಿಗೇ ಅಲ್ಲಿದ್ದೆವು. ಒಬ್ಬರಿಗೆ ಎರಡು ಬಾಟ್ಲಿ ನೀರು, ಸೌತೆಕಾಯಿ, ಹಿಡಿತ ಇರುವ ಚಪ್ಪಲಿ.

ಏಳು ಸುತ್ತಿನ ಕೋಟೆ ಅನ್ನುವುದು ನಡೆದಾಗ ಅರ್ಥವಾಗುತ್ತದೆ. ಬಾಗಿಲು ನೇರ ಕಾಣುವುದೇ ಇಲ್ಲ. ತಿರುಗಿದ ಮೇಲೆ ಗೋಡೆ, ಗೋಡೆ ದಾಟಿದರೆ ಇನ್ನೊಂದು ತಿರುವು. ಗಾರೆಯಿಲ್ಲದೆ ಕೂಡಿಸಿದ ಕಲ್ಲುಗಳ ಸಂದಿಗೆ ಉಗುರು ಹಾಕೋಕೂ ಆಗಲಿಲ್ಲ. ಸಿಡಿಮದ್ದು ಬೀಸುವ ಕಲ್ಲುಗಳನ್ನು ನೋಡಿ, ಅಡುಗೆಮನೆಯ ಬೀಸುಕಲ್ಲನ್ನು ಆನೆಗಾತ್ರಕ್ಕೆ ಬೆಳೆಸಿದ ಹಾಗಿವೆ. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ ಗುಡಿಗಳನ್ನು ಆತುರವಿಲ್ಲದೆ ನೋಡಿ.

ನಾನು ಜಾಸ್ತಿ ಹೊತ್ತು ನಿಂತದ್ದು ನೀರಿನ ಹತ್ತಿರ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಮಳೆಯನ್ನು ಹೀಗೆ ಹೊಂಡದಿಂದ ಹೊಂಡಕ್ಕೆ ಇಳಿಸಿಕೊಂಡವರು ಎಷ್ಟು ಬುದ್ಧಿವಂತರು! ಈ ಒಣ ಸೀಮೆಯಲ್ಲಿ ಕೋಟೆಯನ್ನು ಕಾದದ್ದು ಗೋಡೆಯಷ್ಟೇ ಈ ನೀರು ಕೂಡ.

ಓಬವ್ವನ ಕಿಂಡಿ ಎದುರು ನಿಂತಾಗ ಮಗಳು ಮಾತೇ ಆಡಲಿಲ್ಲ. ಒಬ್ಬರು ಬಗ್ಗಿ ತೂರಬಹುದಾದಷ್ಟು ಸಂದಿ. ಕಾವಲಿನ ಗಂಡ ಮನೆಗೆ ಬಂದು ಊಟಕ್ಕೆ ಕೂತಿದ್ದ, ಕುಡಿಯೋಕೆ ನೀರು ತರಲು ಓಬವ್ವ ಹೊರಗೆ ಬಂದಿದ್ದಳು, ಹೈದರನ ಸೈನಿಕರು ಒಬ್ಬೊಬ್ಬರೇ ತೂರುವುದು ಕಂಡಿತು, ಕೈಗೆ ಸಿಕ್ಕಿದ್ದು ಒನಕೆ. ಚಿಕ್ಕಂದಿನಿಂದ ಕೇಳಿದ ಕಥೆ. ಆ ಸಂದಿ, ಪಕ್ಕದ ತಣ್ಣೀರು ದೋಣಿ ಅನ್ನುವ ನೀರಿನ ಸೆಲೆ ಎರಡನ್ನೂ ಕಣ್ಣಾರೆ ನೋಡಿದಾಗ ಅದು ಒಂದು ಮನೆಯ ಊಟದ ಹೊತ್ತಿನಲ್ಲಿ ನಡೆದದ್ದು ಅನ್ನುವುದು ಮನಸ್ಸಿಗೆ ತಾಕಿತು. 1779ರಲ್ಲಿ ದುರ್ಗ ಬಿತ್ತು. ಮದಕರಿ ನಾಯಕನನ್ನು ಸೆರೆ ಒಯ್ದದ್ದು ನಮ್ಮ ಶ್ರೀರಂಗಪಟ್ಟಣಕ್ಕೆ. ಅಲ್ಲಿನ ಕೋಟೆ ಗೋಡೆ ನೋಡಿಕೊಂಡೇ ಬೆಳೆದ ನನಗೆ ಈ ಬೆಟ್ಟದ ಮೇಲೆ ನಿಂತು ಅದನ್ನು ನೆನೆದಾಗ ಗಂಟಲು ಕಟ್ಟಿತು.

ಕಾಲಲ್ಲಿ ಶಕ್ತಿ ಉಳಿದಿದ್ದರೆ ಬಿಸಿಲು ಇಳಿದ ಮೇಲೆ ಚಂದ್ರವಳ್ಳಿ. ಕದಂಬರ ಮಯೂರಶರ್ಮ ಅಲ್ಲಿನ ಕೆರೆಯ ಬಗ್ಗೆ ಬರೆಸಿದ ಶಾಸನ ಬಂಡೆ ಮೇಲಿದೆ. ಅಂಕಲಿ ಮಠದ ಗುಹೆಯೊಳಗೆ ಕಗ್ಗತ್ತಲು. ಟಾರ್ಚ್ ಬೇಕು, ದಾರಿ ಗೊತ್ತಿರುವವರೂ ಜೊತೆಗೆ ಬೇಕು.

ವಾಪಸ್ ಹೊರಡುವಾಗ ನಾನು ತಪ್ಪದೆ ಒಂದು ದೊಡ್ಡ ಚೀಲ ಮಂಡಕ್ಕಿ ತರುತ್ತೇನೆ. ಭಾರವೇ ಇರುವುದಿಲ್ಲ, ಜಾಗ ಮಾತ್ರ ಬೇಕು, ಸೀಟಿನ ಕೆಳಗೆ ತುರುಕದೆ ಮೇಲೆ ಇಡಿ. ಮನೆಗೆ ಬಂದ ತಕ್ಷಣ ಗಾಳಿಯಾಡದ ಡಬ್ಬಕ್ಕೆ ಸುರಿಯಿರಿ. ಮೆತ್ತಗಾದರೆ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಾಣಲೆಯಲ್ಲಿ ಬಿಸಿ ಮಾಡಿ, ಮತ್ತೆ ಗರಿಗರಿ ಆಗುತ್ತದೆ. ದೋಸೆ ಹಿಟ್ಟಿಗೂ ಒಂದು ಹಿಡಿ ಹಾಕಿ.