ಬೆನ್ನ ಮೇಲಿನ ಚೌಕ ಕಲೆ

ಎಕ್ಸ್-ರೇಯಲ್ಲಿ ನೋಡುತ್ತಾ ಹೃದಯದ ರಕ್ತನಾಳ ತೆರೆಯುವ ಕ್ಯಾತ್ ಲ್ಯಾಬಿಗೆ ಟೆಕ್ನಿಷಿಯನ್ ಆಗಿ ಸೇರಿದ ಹೊಸತರಲ್ಲಿ ಪರದೆಯ ಮೂಲೆಯ ಡೋಸ್ ಅಂಕಿಯನ್ನು, ಅಂದರೆ ರೋಗಿಗೆ ಎಷ್ಟು ವಿಕಿರಣ ಬಿತ್ತು ಅನ್ನುವುದನ್ನು, ನಾನು ನೋಡುತ್ತಲೇ ಇರಲಿಲ್ಲ. ಎಲ್ಲರ ಕಣ್ಣೂ ರಕ್ತನಾಳದ ಮೇಲೆ.

ಒಬ್ಬ ಹಿರಿಯರಿಗೆ ಪೂರ್ತಿ ಮುಚ್ಚಿದ್ದ ರಕ್ತನಾಳ ತೆರೆಯಲು ಮೂರು ಗಂಟೆ ಹಿಡಿಯಿತು. ಸ್ಟೆಂಟ್ ಚೆನ್ನಾಗಿ ಕೂತಿತು. ಮೂರು ವಾರದ ಮೇಲೆ ಮಗಳ ಜೊತೆ ಬಂದರು. ಅಂಗಿ ಎತ್ತಿದರೆ ಬಲ ಹೆಗಲಿನ ಕೆಳಗೆ ಅಂಗೈ ಅಗಲದ ಕೆಂಪು ಕಲೆ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಚೌಕ. ಅಲರ್ಜಿ ಅಂತ ಯಾರೋ ಮುಲಾಮು ಕೊಟ್ಟಿದ್ದರು. “ಏನಪ್ಪಾ, ನಿಮ್ಮ ಟೇಬಲ್ ಒತ್ತಿ ಹೀಗಾಯ್ತಾ?” ಅಂದರು. ಎಕ್ಸ್-ರೇ ಟ್ಯೂಬ್ ಇರುವುದು ಆ ಟೇಬಲ್ಲಿನ ಕೆಳಗೆ. ಕಿರಣ ಒಳಹೋಗುವುದು ಬೆನ್ನಿನಿಂದಲೇ. ಕೇಸ್ ಶೀಟ್ ತೆಗೆದರೆ ಡೋಸ್ ಬರೆದೇ ಇಲ್ಲ. ಬರೆಯಬೇಕಿದ್ದವನು ನಾನು.

ಸಾಮಾನ್ಯ ಆಂಜಿಯೋಗ್ರಾಮಿಗೆ ಹೆದರಬೇಕಿಲ್ಲ, ಬಹಳಷ್ಟು ಸಲ 1 ಗ್ರೇ (ವಿಕಿರಣ ಡೋಸಿನ ಅಳತೆ) ಒಳಗೇ ಮುಗಿಯುತ್ತದೆ. ಕಷ್ಟದ ಆಂಜಿಯೋಪ್ಲಾಸ್ಟಿಯೇ ಬೇರೆ. ಚರ್ಮ ಕೆಂಪಾಗಲು ಒಂದೇ ಜಾಗಕ್ಕೆ 2 ಗ್ರೇ ಬಿದ್ದರೂ ಸಾಕು.

ಈಗ ಕೇಸ್ ಶುರುವಾಗುವ ಮೊದಲೇ ಟೇಬಲ್ ಮೇಲೆತ್ತುತ್ತೇನೆ, ಚಿತ್ರ ಹಿಡಿಯುವ ಡಿಟೆಕ್ಟರನ್ನು ಎದೆಯ ಹತ್ತಿರಕ್ಕೆ ಇಳಿಸುತ್ತೇನೆ. ಟ್ಯೂಬಿನಿಂದ ಬೆನ್ನು ದೂರವಾದಷ್ಟೂ ಒಳ್ಳೆಯದು. ಫ್ಲೋರೋ, ಅಂದರೆ ಕೆಲಸದ ನಡುವೆ ನೋಡುವ ನೇರ ಎಕ್ಸ್-ರೇ ಚಿತ್ರ, ಸೆಕೆಂಡಿಗೆ 15ರ ಬದಲು 7.5 ಫ್ರೇಮ್. ಚಿತ್ರ ಸ್ವಲ್ಪ ಕುಲುಕುತ್ತದೆ, ಎರಡು ದಿನಕ್ಕೆ ಕಣ್ಣು ಒಗ್ಗುತ್ತದೆ. ಬಲೂನ್ ಉಬ್ಬಿದ್ದನ್ನು ದಾಖಲಿಸಲು ಹೆಚ್ಚು ಡೋಸ್ ತಿನ್ನುವ ಸಿನಿ ರೆಕಾರ್ಡಿಂಗ್ ಯಾಕೆ, ಫ್ಲೋರೋ ಸೇವ್ ಮಾಡಿದರೆ ಆಯ್ತು, ಅಲ್ವಾ?

ಕಷ್ಟವಾಗಿದ್ದು ಬಾಯಿ ಬಿಡುವುದು. 3 ಗ್ರೇ ದಾಟಿದಾಗ “ಸರ್, ಮೂರಾಯ್ತು” ಅಂತ ಜೋರಾಗಿ ಹೇಳುತ್ತೇನೆ. ಮೊದಮೊದಲು ಡಾಕ್ಟರು ಗದರುತ್ತಿದ್ದರು. ಈಗ ಅವರೇ ಕೇಳುತ್ತಾರೆ, “ಎಷ್ಟಾಯ್ತು?” ಕೇಳಿ ಟ್ಯೂಬಿನ ಕೋನ ಒಂದಿಷ್ಟು ತಿರುಗಿಸುತ್ತಾರೆ. ಅಷ್ಟಕ್ಕೇ ಕಿರಣ ಬೆನ್ನಿನ ಬೇರೆ ಜಾಗಕ್ಕೆ ಬೀಳುತ್ತದೆ.

5 ಗ್ರೇ ದಾಟಿದವರ ಡಿಸ್ಚಾರ್ಜ್ ಹಾಳೆಯಲ್ಲಿ ಅಂಕಿ ಬರೆದು, ಮನೆಯವರನ್ನು ಕೂರಿಸಿ ಹೇಳುತ್ತೇನೆ: “ಎರಡರಿಂದ ನಾಲ್ಕು ವಾರ ಬೆನ್ನು ನೋಡ್ತಾ ಇರಿ. ಕೆಂಪಾದರೆ ಇಲ್ಲಿಗೇ ಬನ್ನಿ.” ಹೋದ ತಿಂಗಳು ಒಬ್ಬರ ಹೆಂಡತಿ ಫೋನಿನಲ್ಲಿ ಫೋಟೋ ಕಳಿಸಿದರು. ಕಲೆ ತಿಳಿಯಾಗಿತ್ತು, ಆದರೆ ಅಂಚು ನೆಟ್ಟಗಿತ್ತು. ಅವತ್ತೇ ಕರೆಸಿದೆವು. ಚರ್ಮದ ಡಾಕ್ಟರು ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಅಂದರು. ಇಂಥ ಚರ್ಮಕ್ಕೆ ಕತ್ತರಿ ತಾಗಿದರೆ ಗಾಯ ಮಾಯದೇ ಉಳಿಯಬಹುದು. ನಾನು ಡೋಸ್ ಹಾಳೆ ಮುಂದಿಟ್ಟೆ. ಓದಿ, ಬಯಾಪ್ಸಿ ಚೀಟಿ ಹರಿದು ಹಾಕಿದರು.